‘ಇಷ್ಟು ಗ್ರೇ’ ಎಂದಷ್ಟೇ ಬರೆದರೆ ಏನೂ ತಿಳಿಯುವುದಿಲ್ಲ

ಮಾನ್ಯ ಸಂಪಾದಕರೇ,

ಪ್ರಾಣಿಗಳ ಮೇಲೆ ನಡೆದ ವಿಕಿರಣ ಪ್ರಯೋಗಗಳ ಸುದ್ದಿ ಪತ್ರಿಕೆಗಳಲ್ಲಿ ಬರುವುದು ಹೆಚ್ಚುಕಡಿಮೆ ಒಂದೇ ಧಾಟಿಯಲ್ಲಿ. ಇಲಿಗಳಿಗೆ ಇಷ್ಟು ಗ್ರೇ ವಿಕಿರಣ ಕೊಟ್ಟರು, ಇಷ್ಟು ಸತ್ತವು, ಇಂಥದ್ದೊಂದು ಔಷಧ ಕೊಟ್ಟಾಗ ಇಷ್ಟು ಉಳಿದವು. ಓದಿದವರ ತಲೆಯಲ್ಲಿ ಉಳಿಯುವುದು ಆ ಒಂದು ಅಂಕಿ ಮಾತ್ರ. ವಿಕಿರಣ ಜೀವವಿಜ್ಞಾನವನ್ನೇ ಕಸುಬಾಗಿ ಮಾಡಿಕೊಂಡಿರುವ ನಮಗೂ ಆ ಅಂಕಿಯೊಂದನ್ನೇ ಕೊಟ್ಟರೆ ಪ್ರಾಣಿಗೆ ಏನಾಯಿತೆಂದು ಹೇಳಲು ಬರುವುದಿಲ್ಲ. ಬಿದ್ದದ್ದು ಯಾವ ಅಂಗಾಂಶದ ಮೇಲೆ, ಎಷ್ಟು ಹೊತ್ತಿನಲ್ಲಿ, ಎಷ್ಟು ಕಂತಿನಲ್ಲಿ, ದೇಹದ ಎಷ್ಟು ಭಾಗಕ್ಕೆ, ಆಮೇಲೆ ಎಷ್ಟನೇ ದಿನ ನೋಡಿದರು ಎಂಬುದು ಗೊತ್ತಾಗದೆ ಆ ಸುದ್ದಿಗೆ ಅರ್ಥವೇ ಇಲ್ಲ. ಅದಕ್ಕಾಗಿ ಈ ಪತ್ರ. ತುಸು ಉದ್ದವಾಗಿದೆ, ವಿಷಯ ಹಾಗಿದೆ.

ಗ್ರೇ ಎಂದರೆ ಒಂದು ಕಿಲೋ ಅಂಗಾಂಶ ಹೀರಿಕೊಂಡ ಒಂದು ಜೂಲ್ ಶಕ್ತಿ. ಇಡೀ ದೇಹಕ್ಕೆ ಒಮ್ಮೆಲೇ ಸುಮಾರು 4 ಗ್ರೇ ಬಿದ್ದು, ಚಿಕಿತ್ಸೆಯೂ ಸಿಗದೆ ಹೋದರೆ, ಮನುಷ್ಯರಲ್ಲಿ ಅರ್ಧದಷ್ಟು ಮಂದಿ 60 ದಿನದೊಳಗೆ ಸಾಯುತ್ತಾರೆಂಬುದು ಒಪ್ಪಿತ ಅಂದಾಜು. ಅದೇ 4 ಜೂಲ್ ಒಂದು ಕಿಲೋ ನೀರನ್ನು ಬಿಸಿ ಮಾಡುವುದು ಒಂದು ಡಿಗ್ರಿಯ ಸಾವಿರದ ಒಂದು ಪಾಲಿನಷ್ಟು. ಕೈಯಿಟ್ಟರೆ ತಿಳಿಯದು, ಮಾಮೂಲಿ ಥರ್ಮಾಮೀಟರಿಗೂ ತಿಳಿಯದು. ಹಾಗಾಗಿ ವಿಕಿರಣದಿಂದ ಜೀವಕೋಶ ಬೇಯುತ್ತದೆ, ಸುಡುತ್ತದೆ ಎಂದು ಬರೆಯುವುದು ತಪ್ಪು. ಆ ಅಲ್ಪ ಶಕ್ತಿ ಸಮನಾಗಿ ಹರಡದೆ ಸಣ್ಣ ಸಣ್ಣ ಗೊಂಚಲುಗಳಾಗಿ ಬೀಳುತ್ತದೆ, ಕೆಲವು ಗೊಂಚಲು ಡಿಎನ್ಎ ಎಳೆಯ ಮೇಲೆಯೇ ಬೀಳುತ್ತವೆ. 1 ಗ್ರೇ ಎಕ್ಸ್-ರೇ ಬಿದ್ದ ಒಂದು ಜೀವಕೋಶದಲ್ಲಿ ಸುಮಾರು 1000 ಕಡೆ ಡಿಎನ್ಎಯ ಒಂಟಿ ಎಳೆ ತುಂಡಾಗುತ್ತದೆ, ಸುಮಾರು 40 ಕಡೆ ಎರಡೂ ಎಳೆಗಳು ಒಟ್ಟಿಗೆ ತುಂಡಾಗುತ್ತವೆ. ಒಂಟಿ ಎಳೆಯದ್ದು ದೊಡ್ಡ ವಿಷಯವಲ್ಲ. ಎದುರಿನ ಎಳೆ ಮಾದರಿಯಾಗಿ ಕೂತಿರುತ್ತದೆ, ಅದನ್ನು ನೋಡಿಕೊಂಡು ಕೋಶ ಬೇಗ ಸರಿಪಡಿಸಿಕೊಳ್ಳುತ್ತದೆ. ಎರಡೂ ತುಂಡಾದಲ್ಲಿ ಯಾವ ತುದಿಗೆ ಯಾವ ತುದಿ ಎಂಬುದು ತಪ್ಪಿ, ವರ್ಣತಂತುಗಳು ಅಡ್ಡಾದಿಡ್ಡಿ ಬೆಸೆದುಕೊಳ್ಳುತ್ತವೆ.

ಹೀಗೆ ತಪ್ಪಾಗಿ ಬೆಸೆದುಕೊಂಡ ಕೋಶ ತಕ್ಷಣ ಸಾಯುವುದಿಲ್ಲ. ತನ್ನ ದಿನದ ಕೆಲಸ ಮಾಡಿಕೊಂಡೇ ಇರುತ್ತದೆ. ಎರಡಾಗಿ ಒಡೆಯಲು ಹೊರಟಾಗ, ವರ್ಣತಂತುಗಳನ್ನು ಸರಿಯಾಗಿ ಪಾಲು ಮಾಡಲಾಗದೆ, ಆಗ ಸಾಯುತ್ತದೆ. ಈ ವಿಷಯದ ಬೀಗದ ಕೈ ಇರುವುದೇ ಇಲ್ಲಿ. ಏಟು ಎಲ್ಲ ಅಂಗಾಂಶಕ್ಕೂ ಅದೇ ನಿಮಿಷದಲ್ಲಿ ಬೀಳುತ್ತದೆ, ಆದರೆ ಹೊರಗೆ ಕಾಣಿಸಿಕೊಳ್ಳುವ ದಿನವನ್ನು ನಿರ್ಧರಿಸುವುದು ಆ ಅಂಗಾಂಶದ ಕೋಶಗಳು ಎಷ್ಟು ಬೇಗ ಹಳತಾಗಿ ಹೊಸತಾಗುತ್ತವೆ ಎಂಬುದು. ಕರುಳಿಗೆ ದಿನಗಳು ಸಾಕು. ರಕ್ತಕ್ಕೆ ವಾರಗಳು. ಶ್ವಾಸಕೋಶ, ಬೆನ್ನುಹುರಿ, ಮೂತ್ರಪಿಂಡಗಳಿಗೆ ತಿಂಗಳುಗಳು.

1906ರಲ್ಲಿ ಫ್ರಾನ್ಸಿನ ಬೆರ್ಗೋನಿಯೇ ಮತ್ತು ಟ್ರಿಬೋಂಡೋ ಇಲಿಯ ವೃಷಣಕ್ಕೆ ಕಿರಣ ಬಿಟ್ಟು ಈ ಮಾತಿನ ಮೊದಲ ರೂಪವನ್ನು ಹೇಳಿದರು. ಒಂದೇ ಅಂಗದೊಳಗೆ, ಒಂದೇ ಪ್ರಮಾಣಕ್ಕೆ, ವೀರ್ಯಾಣು ಹುಟ್ಟಿಸುವ ಕೋಶಗಳು ನಾಶವಾದವು, ಪಕ್ಕದಲ್ಲೇ ಇದ್ದ ಆಸರೆಕೋಶಗಳು ಉಳಿದವು. ಬೇಗ ಬೇಗ ವಿಭಜನೆಯಾಗುವ, ಮುಂದೆಯೂ ಬಹಳ ಸಲ ವಿಭಜನೆಯಾಗಬೇಕಿರುವ, ಇನ್ನೂ ನಿರ್ದಿಷ್ಟ ಕೆಲಸಕ್ಕೆ ಇಳಿಯದ ಕೋಶಗಳೇ ಹೆಚ್ಚು ಸೂಕ್ಷ್ಮ ಎಂಬ ಅವರ ನಿಯಮ ಇಂದಿಗೂ ಬಹುಮಟ್ಟಿಗೆ ನಿಲ್ಲುತ್ತದೆ. ಎರಡು ಕಡೆ ಮುರಿಯುತ್ತದೆ. ರಕ್ತದ ಲಿಂಫೋಸೈಟುಗಳೂ (ಬಿಳಿರಕ್ತಕಣಗಳ ಒಂದು ಬಗೆ) ಅಂಡಾಶಯದ ಅಂಡಕೋಶಗಳೂ ವಿಭಜನೆಗೆ ಕಾಯದೆ, ಕೆಲವೇ ಗಂಟೆಗಳಲ್ಲಿ ತಾವಾಗಿಯೇ ಕಳಚಿಕೊಂಡು ಸಾಯುತ್ತವೆ. ಹಾಗಾಗಿಯೇ ವಿಕಿರಣ ಬಿದ್ದ ಮರುದಿನದ ರಕ್ತಪರೀಕ್ಷೆಯಲ್ಲಿ ಎಲ್ಲಕ್ಕಿಂತ ಮೊದಲು ಕುಸಿದಿರುವುದು ಲಿಂಫೋಸೈಟುಗಳ ಸಂಖ್ಯೆ.

ಕರುಳನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಏಕೆಂದರೆ ನೋಡುವ ದಿನ ತಪ್ಪಿದರೆ ಉತ್ತರವೇ ತಪ್ಪುತ್ತದೆ ಎಂಬುದು ಇಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ. ಸಣ್ಣಕರುಳಿನ ಒಳಗೋಡೆಯಲ್ಲಿ ಬೆರಳಿನಂಥ ಚಾಚುಗಳಿವೆ, ಅವುಗಳ ಬುಡದಲ್ಲಿ ಸಣ್ಣ ಕುಳಿಗಳಿವೆ. ಹೊಸ ಕೋಶಗಳು ಹುಟ್ಟುವುದು ಕುಳಿಯೊಳಗಿನ ಕಾಂಡಕೋಶಗಳಿಂದ. ಹುಟ್ಟಿದವು ಒಂದನ್ನೊಂದು ತಳ್ಳಿಕೊಂಡು ಮೇಲೇರಿ, ಚಾಚಿನ ತುದಿಯಲ್ಲಿ ಉದುರುತ್ತವೆ. ಸುಂಡಿಲಿಯಲ್ಲಿ ಈ ಪಯಣ ಮೂರು ನಾಲ್ಕು ದಿನದ್ದು. (ಪತ್ರಿಕೆಗಳು ಸುಂಡಿಲಿಯನ್ನೂ ಇಲಿಯನ್ನೂ ಸೇರಿಸಿ ‘ಇಲಿ’ ಎಂದೇ ಬರೆಯುತ್ತವೆ. ಅವೆರಡೂ ಬೇರೆ ಪ್ರಾಣಿಗಳು, ವಿಕಿರಣಕ್ಕೆ ಅವುಗಳ ತಾಳಿಕೆಯೂ ಬೇರೆ.) ಸುಂಡಿಲಿಗೆ 12 ಗ್ರೇ ಬಿತ್ತೆನ್ನಿ. ನಾಲ್ಕರಿಂದ ಆರು ಗಂಟೆಯೊಳಗೆ ಕುಳಿಯ ಬುಡದಲ್ಲಿ ಕೆಲವು ಕೋಶಗಳು ಮುದುಡಿ, ಕಡುನೀಲಿ ಚೂರುಗಳಾಗಿ ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ. ಉಳಿದವು ವಿಭಜನೆಯನ್ನು ನಿಲ್ಲಿಸುತ್ತವೆ. ಮೊದಲ ದಿನ ಚಾಚು ಮಾತ್ರ ಹಾಗೆಯೇ ಇರುತ್ತದೆ, ಪ್ರಾಣಿ ಓಡಾಡಿಕೊಂಡಿರುತ್ತದೆ. ಚಾಚಿನ ಮೇಲಿನ ಕೋಶಗಳಿಗೆ ಏನೂ ಆಗಿಲ್ಲ, ಅವು ವಿಭಜನೆ ಮಾಡುವವಲ್ಲ. ಆದರೆ ತುದಿಯಲ್ಲಿ ಉದುರುವುದು ನಿಂತಿಲ್ಲ, ಬುಡದಲ್ಲಿ ಹುಟ್ಟುವುದು ನಿಂತಿದೆ. ಮೂರು ನಾಲ್ಕನೇ ದಿನಕ್ಕೆ ಚಾಚುಗಳು ಮೋಟಾಗುತ್ತವೆ. ಕುಳಿಗಳಲ್ಲಿ ಒಂದೂ ಕಾಂಡಕೋಶ ಉಳಿಯದಿದ್ದರೆ ಗೋಡೆ ಬೋಳಾಗಿ, ನೀರು ಲವಣ ಸೋರಿ, ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗುತ್ತವೆ.

1970ರಲ್ಲಿ ವಿದರ್ಸ್ ಮತ್ತು ಎಲ್ಕೈಂಡ್ ಈ ಹಾನಿಯನ್ನು ಎಣಿಸುವ ದಾರಿ ತೋರಿಸಿದರು. ಒಂದೇ ಒಂದು ಕಾಂಡಕೋಶ ಉಳಿದರೂ ಅದು ಕುಳಿಯನ್ನು ಮತ್ತೆ ಕಟ್ಟುತ್ತದೆ. ಹಾಗಾಗಿ ಸುಮಾರು ಮೂರೂವರೆ ದಿನದ ಹೊತ್ತಿಗೆ ಕರುಳನ್ನು ಅಡ್ಡಕ್ಕೆ ಕತ್ತರಿಸಿ, ಒಂದು ಸುತ್ತಿನಲ್ಲಿ ಮತ್ತೆ ಚಿಗುರಿದ ಕುಳಿಗಳು ಎಷ್ಟು ಎಂದು ಎಣಿಸಬೇಕು. ಆರೋಗ್ಯವಂತ ಸುಂಡಿಲಿಯಲ್ಲಿ ಒಂದು ಸುತ್ತಿಗೆ ನೂರಕ್ಕೂ ಹೆಚ್ಚು ಇರುತ್ತವೆ. ಕೇಳಲು ಸುಲಭ, ಮಾಡುವಾಗ ತಪ್ಪುವ ಜಾಗಗಳು ಹಲವು. ಎರಡನೇ ದಿನವೇ ನೋಡಿದರೆ ಸತ್ತ ಕುಳಿಗಳ ಅವಶೇಷ ಇನ್ನೂ ನಿಂತಿರುತ್ತದೆ, ಲೆಕ್ಕ ಹೆಚ್ಚಾಗುತ್ತದೆ. ಆರನೇ ದಿನ ನೋಡಿದರೆ ಉಳಿದ ಕುಳಿಗಳು ಕವಲೊಡೆದು ಒಂದು ಎರಡಾಗಿರುತ್ತದೆ, ಆಗಲೂ ಲೆಕ್ಕ ಹೆಚ್ಚು. ಕರುಳು ಹೊರತೆಗೆದ ಕೆಲವೇ ನಿಮಿಷದಲ್ಲಿ ತನ್ನನ್ನು ತಾನೇ ಜೀರ್ಣಿಸಿಕೊಳ್ಳಲು ಶುರುಮಾಡುತ್ತದೆ. ಹಾಗಾಗಿ ಲವಣದ್ರಾವಣದಲ್ಲಿ ತೊಳೆದು ತಡಮಾಡದೆ ಫಾರ್ಮಲಿನ್ನಿಗೆ ಹಾಕಬೇಕು. ಒಂದೊಂದು ಸೆಂಟಿಮೀಟರಿನ ಹತ್ತು ತುಂಡುಗಳನ್ನು ಕಾಗದದ ಟೇಪಿನಲ್ಲಿ ಕಟ್ಟಿಗೆ ಹೊರೆಯಂತೆ ಒಟ್ಟಿಗೆ ಸುತ್ತಿದರೆ ಎಲ್ಲವೂ ನೆಟ್ಟಗೆ ನಿಂತು ಅಡ್ಡಸೀಳು ಸರಿಯಾಗಿ ಬರುತ್ತದೆ. ಓರೆಯಾಗಿ ಕತ್ತರಿಸಿದ ಸೀಳಿನಲ್ಲಿ ಸುತ್ತಳತೆಯೇ ಹಿಗ್ಗಿ, ಇಲ್ಲದ ಕುಳಿಗಳು ಲೆಕ್ಕಕ್ಕೆ ಸೇರುತ್ತವೆ. ಹತ್ತು ಅಥವಾ ಹೆಚ್ಚು ಗಟ್ಟಿ ಕೋಶಗಳಿದ್ದರೆ ಮಾತ್ರ ಅದನ್ನು ಉಳಿದ ಕುಳಿ ಎನ್ನಬೇಕು. ಇನ್ನೊಂದು ಸೂಕ್ಷ್ಮವಿದೆ, ಬಹಳ ಪ್ರಬಂಧಗಳು ಇದನ್ನು ಮರೆಯುತ್ತವೆ. ಚಿಗುರುತ್ತಿರುವ ಕುಳಿ ಮಾಮೂಲಿ ಕುಳಿಗಿಂತ ದೊಡ್ಡದು. ದೊಡ್ಡದು ಸೀಳಿಗೆ ಸಿಗುವ ಸಾಧ್ಯತೆಯೂ ಹೆಚ್ಚು. ಕುಳಿಯ ಅಗಲ ಅಳೆದು ಅದಕ್ಕೆ ತಕ್ಕಂತೆ ಲೆಕ್ಕವನ್ನು ತಗ್ಗಿಸದಿದ್ದರೆ ಕರುಳು ಇದ್ದದ್ದಕ್ಕಿಂತ ಚೆನ್ನಾಗಿ ಉಳಿದಂತೆ ತೋರುತ್ತದೆ. ಎಣಿಸುವವರಿಗೆ ಯಾವ ಸ್ಲೈಡು ಯಾವ ಗುಂಪಿನದೆಂದು ತಿಳಿದಿರಲೂಬಾರದು.

ಮೂಳೆಮಜ್ಜೆಯ ಕಥೆಯೂ ಇದೇ ತರ್ಕದ್ದು, ಗಡಿಯಾರ ಮಾತ್ರ ನಿಧಾನ. ಸುಂಡಿಲಿಯ ಇಡೀ ದೇಹಕ್ಕೆ 8 ಗ್ರೇ ಬಿದ್ದಾಗ ರಕ್ತದಲ್ಲಿ ಆಗಲೇ ಓಡಾಡುತ್ತಿರುವ ಪ್ಲೇಟ್ಲೆಟ್, ಕೆಂಪುಕಣಗಳು ಸಾಯುವುದಿಲ್ಲ. ಅವುಗಳನ್ನು ಹುಟ್ಟಿಸುವ ಮಜ್ಜೆ ಖಾಲಿಯಾಗುತ್ತದೆ, ಇದ್ದವು ತಮ್ಮ ಆಯಸ್ಸು ಮುಗಿದಂತೆ ಕಡಿಮೆಯಾಗುತ್ತವೆ. ಸಾವು ಬರುವುದು ಹತ್ತರಿಂದ ಹದಿನೈದನೇ ದಿನದ ಸುಮಾರಿಗೆ, ಸೋಂಕಿನಿಂದ ಮತ್ತು ರಕ್ತಸ್ರಾವದಿಂದ. ಈ ಕಾರಣಕ್ಕೇ ಸುಂಡಿಲಿಯಲ್ಲಿ 30 ದಿನದ ಲೆಕ್ಕ ಇಡುತ್ತಾರೆ, ಮನುಷ್ಯರಿಗೂ ಮಂಗಗಳಿಗೂ 60 ದಿನದ್ದು. ಎರಡನ್ನೂ ಒಂದೇ ಸಾಲಿನಲ್ಲಿಟ್ಟು ಹೋಲಿಸಿದ ವರದಿಗಳನ್ನು ಓದುವಾಗ ಈ ವ್ಯತ್ಯಾಸ ನೆನಪಿರಬೇಕು.

1961ರಲ್ಲಿ ಟೊರಾಂಟೊದ ಟಿಲ್ ಮತ್ತು ಮೆಕ್ಯುಲಕ್, ಮಾರಕ ಪ್ರಮಾಣದ ವಿಕಿರಣ ಬಿದ್ದ ಸುಂಡಿಲಿಗಳಿಗೆ ಬೇರೆ ಸುಂಡಿಲಿಯ ಮಜ್ಜೆಕೋಶಗಳನ್ನು ಚುಚ್ಚಿ, ಹತ್ತು ದಿನದ ನಂತರ ಗುಲ್ಮದ (ಸ್ಪ್ಲೀನ್) ಮೇಲೆ ಎದ್ದ ಗಂಟುಗಳನ್ನು ಎಣಿಸಿದರು. ಸುಮಾರು 10,000 ಮಜ್ಜೆಕೋಶಕ್ಕೆ ಒಂದು ಗಂಟು. ರಕ್ತದ ಕಾಂಡಕೋಶವನ್ನು ಅಳೆಯಲು ಸಾಧ್ಯ ಎಂಬುದು ಲೋಕಕ್ಕೆ ತಿಳಿದದ್ದು ಹೀಗೆ, ಒಂದು ವಿಕಿರಣ ಪ್ರಯೋಗದಿಂದ. ಆ ಕೋಶಗಳು ಎಷ್ಟು ಸೂಕ್ಷ್ಮವೆಂದರೆ ಪ್ರತಿ 1 ಗ್ರೇಗೆ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. 8 ಗ್ರೇ ಹೊತ್ತಿಗೆ ಹತ್ತು ಸಾವಿರಕ್ಕೆ ಬೆರಳೆಣಿಕೆಯಷ್ಟು.

ಅದಕ್ಕೂ ಮೊದಲು, 1949ರಲ್ಲಿ, ಶಿಕಾಗೋದ ಜೇಕಬ್ಸನ್ ಸುಂಡಿಲಿಯ ಗುಲ್ಮವೊಂದಕ್ಕೆ ಮಾತ್ರ ಸೀಸದ ಮರೆ ಕೊಟ್ಟು ಉಳಿದ ದೇಹಕ್ಕೆಲ್ಲ ಮಾರಕ ಪ್ರಮಾಣ ಬಿಟ್ಟಾಗ ಬಹಳಷ್ಟು ಸುಂಡಿಲಿಗಳು ಬದುಕಿಕೊಂಡಿದ್ದವು. ಮರೆಯಲ್ಲಿ ಉಳಿದ ಕೋಶಗಳೇ ಖಾಲಿ ಮಜ್ಜೆಗೆ ಹೋಗಿ ನೆಲೆಸಿದವು. ಇಂದಿನ ಪ್ರಯೋಗಕ್ಕೂ ಇದು ಎಚ್ಚರಿಕೆ. ಒಂದು ಹಿಂಗಾಲು ಕಿರಣದ ಅಂಚಿನಿಂದ ಆಚೆ ಉಳಿದರೆ ಸಾಕು, ಆ ಸುಂಡಿಲಿ ಬದುಕುತ್ತದೆ. ಅದು ಬದುಕಿದ್ದು ಔಷಧದಿಂದ ಎಂದು ಪ್ರಬಂಧ ಬರೆಯುತ್ತದೆ, ಪತ್ರಿಕೆ ಅಚ್ಚುಹಾಕುತ್ತದೆ.

ಪ್ರಮಾಣ ಅಳೆಯುವುದರಲ್ಲೇ ಆಗುವ ತಪ್ಪುಗಳ ಬಗ್ಗೆ ಒಂದೆರಡು ಮಾತು ಬೇಕು. ಸುಂಡಿಲಿಯಲ್ಲಿ ಬಹುಪಾಲು ಬದುಕುವ ಪ್ರಮಾಣಕ್ಕೂ ಬಹುಪಾಲು ಸಾಯುವ ಪ್ರಮಾಣಕ್ಕೂ ನಡುವೆ ಇರುವುದು ಒಂದೆರಡು ಗ್ರೇ ಅಂತರ. ಅಂಥಲ್ಲಿ ನೂರಕ್ಕೆ ಹತ್ತರ ತಪ್ಪು ಫಲಿತಾಂಶವನ್ನೇ ತಿರುಗಿಸುತ್ತದೆ. ಸೀಸಿಯಂ-137 ಇರುವ ಯಂತ್ರವಾದರೆ ಅದರ ಅರ್ಧಾಯುಷ್ಯ 30 ವರ್ಷ, ಅಂದರೆ ವರ್ಷಕ್ಕೆ ನೂರಕ್ಕೆ 2.3ರಷ್ಟು ಬಲ ಕುಂದುತ್ತದೆ. ಐದು ವರ್ಷದ ಹಿಂದಿನ ಚಾರ್ಟು ನೋಡಿ ಸಮಯ ಇಟ್ಟರೆ 8 ಗ್ರೇ ಎಂದುಕೊಂಡದ್ದು ನಿಜವಾಗಿ 7.1 ಗ್ರೇ ಆಗಿರುತ್ತದೆ. ಎಕ್ಸ್-ರೇ ಯಂತ್ರವಾದರೆ ತೊಂದರೆ ಬೇರೆ. ಸರಿಯಾದ ತಾಮ್ರದ ಫಿಲ್ಟರ್ ಹಾಕದಿದ್ದರೆ ಮೆದು ಕಿರಣಗಳೆಲ್ಲ ಚರ್ಮದಲ್ಲೇ ನಿಂತು, ಎರಡು ಸೆಂಟಿಮೀಟರ್ ದಪ್ಪದ ಪ್ರಾಣಿಯಲ್ಲೂ ಮೇಲಿನ ಬದಿಗೆ ಹೆಚ್ಚು, ಕೆಳಗಿನ ಬದಿಗೆ ಕಡಿಮೆ ಬೀಳುತ್ತದೆ. ಕಡಿಮೆ ಶಕ್ತಿಯ ಕಿರಣಗಳನ್ನು ಮೂಳೆ ಮೆದು ಅಂಗಾಂಶಕ್ಕಿಂತ ಹೆಚ್ಚು ಹೀರುತ್ತದೆ, ಅದರೊಳಗೆ ಕೂತ ಮಜ್ಜೆಗೂ ಅದರ ಪಾಲು ಸಿಗುತ್ತದೆ. ಹಾಗಾಗಿ ಎಕ್ಸ್-ರೇಯ 8 ಗ್ರೇ, ಸೀಸಿಯಂನ 8 ಗ್ರೇ ಮಜ್ಜೆಯ ಮಟ್ಟಿಗೆ ಒಂದೇ ಅಲ್ಲ. ದುಂಡು ಪ್ಲಾಸ್ಟಿಕ್ ಡಬ್ಬದ ತ್ರಿಕೋನ ಖಾನೆಗಳಲ್ಲಿ ಸುಂಡಿಲಿಗಳನ್ನು ಒಂದೊಂದಾಗಿ ಕೂರಿಸಿ, ಡಬ್ಬವನ್ನು ನಿಧಾನವಾಗಿ ತಿರುಗಿಸುತ್ತಾ ಕಿರಣ ಬಿಡುವುದು ವಾಡಿಕೆ. ಖಾನೆ ಇಲ್ಲದೆ ಒಟ್ಟಿಗೆ ಬಿಟ್ಟರೆ ಅವು ಒಂದರ ಮೇಲೊಂದು ಮುದುರಿಕೊಂಡು ಒಂದಕ್ಕೊಂದು ಮರೆಯಾಗುತ್ತವೆ. ಸುಂಡಿಲಿಯ ಗಾತ್ರದ ಅಕ್ರಿಲಿಕ್ ಗೊಂಬೆಯ ನಡುವೆ ಅಳತೆಯ ಹರಳಿಟ್ಟು ಪ್ರತಿ ಖಾನೆಯಲ್ಲೂ ಅಳೆದಿದ್ದರೆ ಮಾತ್ರ ಪ್ರಬಂಧದ ಗ್ರೇಯನ್ನು ನಂಬಬಹುದು. ವಿಕಿರಣ ಕೊಡದ ಗುಂಪನ್ನೂ ಅಷ್ಟೇ ಹೊತ್ತು ಅದೇ ಡಬ್ಬದಲ್ಲಿ ಕೂರಿಸಿರಬೇಕು. ಸೆರೆಯಲ್ಲಿ ಕೂತ ಭಯವೂ ರಕ್ತದ ಲೆಕ್ಕವನ್ನು ಬದಲಿಸುತ್ತದೆ.

ಅರಿವಳಿಕೆ ಕೊಟ್ಟರೆ ಮತ್ತೊಂದು ತೊಡಕು. ಆಮ್ಲಜನಕ ಇಲ್ಲದ ಅಂಗಾಂಶ ಅದೇ ಹಾನಿಗೆ ಸುಮಾರು ಮೂರು ಪಟ್ಟು ಪ್ರಮಾಣ ತಾಳುತ್ತದೆ. ಉಸಿರು ನಿಧಾನವಾಗಿ, ಮೈ ತಣ್ಣಗಾದ ಸುಂಡಿಲಿಗೂ ಎಚ್ಚರವಾಗಿದ್ದ ಸುಂಡಿಲಿಗೂ ಅದೇ ಗ್ರೇ ಬೇರೆ ಫಲ ಕೊಡಬಹುದು. ಅರಿವಳಿಕೆ ಅನಿಲದ ಜತೆ ಹೋದದ್ದು ಬರೀ ಗಾಳಿಯೋ ಶುದ್ಧ ಆಮ್ಲಜನಕವೋ ಎಂಬುದನ್ನೂ ಬರೆದಿರಬೇಕು.

ಇನ್ನು ತಡವಾಗಿ ಮಾತಾಡುವ ಅಂಗಾಂಶಗಳು. ಪತ್ರಿಕೆಗಳಲ್ಲಿ ಅತಿ ಹೆಚ್ಚು ಅನ್ಯಾಯವಾಗುವುದು ಇವುಗಳಿಗೇ. ಸುಂಡಿಲಿಯ ಎದೆಗೆ ಮಾತ್ರ 12–13 ಗ್ರೇ ಒಂದೇ ಸಲ ಕೊಟ್ಟು ಒಂದು ತಿಂಗಳಿಗೆ ನೋಡಿ, ಶ್ವಾಸಕೋಶ ಬರಿಗಣ್ಣಿಗೆ ಸರಿಯಾಗಿಯೇ ಕಾಣುತ್ತದೆ. ಮೂರು ತಿಂಗಳು ದಾಟಿದ ಮೇಲೆ ಉಸಿರಿನ ವೇಗ ಏರತೊಡಗುತ್ತದೆ, ಗಾಳಿಚೀಲಗಳ ಗೋಡೆ ಊದಿಕೊಳ್ಳುತ್ತದೆ, ಆಮೇಲೆ ಸಾವು. ಅದೂ ತಳಿಯ ಮೇಲೆ ನಿಂತಿದೆ. ಸಿ3ಎಚ್, ಸಿಬಿಎ ತಳಿಗಳಿಗೆ ಮೊದಲು ಬರುವುದು ಉರಿಯೂತ. ಸಿ57ಬಿಎಲ್/6 ತಳಿ ಅದನ್ನು ಹೆಚ್ಚುಕಡಿಮೆ ದಾಟಿಕೊಂಡು, ಇನ್ನೂ ತಡವಾಗಿ ನಾರುಗಟ್ಟುವಿಕೆಗೆ ಸಿಕ್ಕಿಕೊಳ್ಳುತ್ತದೆ. ಒಂದೇ ಪ್ರಮಾಣ, ಒಂದೇ ಅಂಗ, ಎರಡು ಕಾಯಿಲೆ. ಇಡೀ ದೇಹದ ವಿಕಿರಣದಲ್ಲೂ ತಳಿಯ ವ್ಯತ್ಯಾಸ ದೊಡ್ಡದು. ಬಾಲ್ಬ್/ಸಿ ತಳಿಯಲ್ಲಿ ಡಿಎನ್ಎಯ ಜೋಡಿ ಎಳೆಯನ್ನು ಬೆಸೆಯುವ ಒಂದು ಕಿಣ್ವ ಹುಟ್ಟಿನಿಂದಲೇ ದುರ್ಬಲ. ಆದ್ದರಿಂದ ಅದು ಸಿ57ಬಿಎಲ್/6ಗಿಂತ ಕಡಿಮೆ ಗ್ರೇಗೇ ಸಾಯುತ್ತದೆ. ತಳಿ ಹೇಳದ ಸುದ್ದಿ ಅರ್ಧ ಸುದ್ದಿ.

ಬೆನ್ನುಹುರಿಯಲ್ಲಿ ಎಷ್ಟು ಉದ್ದಕ್ಕೆ ಕಿರಣ ಬಿತ್ತು ಎಂಬುದೇ ಮುಖ್ಯ. ನೆದರ್ಲೆಂಡ್ಸಿನಲ್ಲಿ ಪ್ರೋಟಾನ್ ಕಿರಣದಿಂದ ಇಲಿಗಳ ಮೇಲೆ ನಡೆದ ಅಧ್ಯಯನದಲ್ಲಿ, ಕತ್ತಿನ ಭಾಗದ 20 ಮಿಲಿಮೀಟರ್ ಉದ್ದಕ್ಕೆ ಕೊಟ್ಟಾಗ ಅರ್ಧದಷ್ಟು ಇಲಿಗಳಿಗೆ ಪಾರ್ಶ್ವವಾಯು ತಂದ ಪ್ರಮಾಣ ಸುಮಾರು 20 ಗ್ರೇ. 2 ಮಿಲಿಮೀಟರಿಗೆ ಮಾತ್ರ ಕೊಟ್ಟಾಗ ಅಷ್ಟೇ ಹಾನಿಗೆ ಬೇಕಾದದ್ದು ಸುಮಾರು 88 ಗ್ರೇ. ಪಕ್ಕದ ಆರೋಗ್ಯವಂತ ಕೋಶಗಳು ಮಿಲಿಮೀಟರಿನಷ್ಟು ದೂರ ಸರಿದು ಬಂದು ತೂತು ಮುಚ್ಚಬಲ್ಲವು, ಸೆಂಟಿಮೀಟರ್ ದೂರಕ್ಕೆ ಬರಲಾರವು ಎಂಬುದು ಇದರ ವಿವರಣೆ. ಲಕ್ವ ಕಾಣಿಸಿಕೊಳ್ಳುವುದು ತಿಂಗಳುಗಳ ಮೇಲೆ, ಅಲ್ಲಿಯವರೆಗೆ ಇಲಿ ಮಾಮೂಲಿನಂತೆ ನಡೆದಾಡುತ್ತದೆ. ಆದರೂ ಈ ಅಂಗಾಂಶ ಮರೆಯಬಲ್ಲದು. ರೀಸಸ್ ಮಂಗಗಳ ಬೆನ್ನುಹುರಿಗೆ ಒಮ್ಮೆ 44 ಗ್ರೇಯನ್ನು 2.2 ಗ್ರೇಯ ಕಂತುಗಳಲ್ಲಿ ಕೊಟ್ಟು, ಒಂದರಿಂದ ಮೂರು ವರ್ಷ ಬಿಟ್ಟು ಮತ್ತೆ ಕೊಟ್ಟಾಗ, ಮೊದಲ ಏಟಿನ ಬಹುಪಾಲು ವಾಸಿಯಾಗಿದ್ದದ್ದು ಕಂಡಿತು. ಕ್ಯಾನ್ಸರ್ ಮರುಕಳಿಸಿದ ರೋಗಿಗೆ ಅದೇ ಜಾಗಕ್ಕೆ ಮತ್ತೆ ಕಿರಣ ಕೊಡಬಹುದೇ ಎಂಬ ವೈದ್ಯರ ಲೆಕ್ಕಾಚಾರಕ್ಕೆ ಈ ಮಂಗಗಳೇ ಆಧಾರ. ಮೂತ್ರಪಿಂಡ ಹಾಗಲ್ಲ. ಸುಂಡಿಲಿಗಳಲ್ಲಿ ಕಂಡಂತೆ ಅದರ ಹಾನಿ ತಿಂಗಳು ಕಳೆದಂತೆ ಬೆಳೆಯುತ್ತಲೇ ಹೋಗುತ್ತದೆ, ಮತ್ತೆ ತಾಳುವ ಶಕ್ತಿ ಹಿಂತಿರುಗುವುದಿಲ್ಲ.

ಕಂತು ಎಂದೆವು. 1920ರ ದಶಕದಲ್ಲಿ ಫ್ರಾನ್ಸಿನ ರೆಗೋ ಪ್ರಾಣಿಗಳ ವೃಷಣದ ಮೇಲೆ ತೋರಿಸಿಕೊಟ್ಟದ್ದು ಇದನ್ನೇ: ಒಂದೇ ಸಲ ಕೊಟ್ಟು ಸಂತಾನಶಕ್ತಿ ಅಳಿಸಲು ಹೋದರೆ ಮೇಲಿನ ಚರ್ಮ ಹಾಳಾಗುತ್ತದೆ, ದಿನಗಳಿಗೆ ಹಂಚಿ ಕೊಟ್ಟರೆ ಚರ್ಮ ಉಳಿದು ಕೆಲಸ ಆಗುತ್ತದೆ. ಇಂದಿನ ರೇಡಿಯೋಥೆರಪಿ ವಾರಗಟ್ಟಲೆ ನಡೆಯುವುದಕ್ಕೆ ಮೂಲ ಅಲ್ಲಿದೆ. ಲೆಕ್ಕ ಹೀಗೆ. ಕಂತಿನ ಪ್ರಮಾಣವನ್ನು ಆ ಅಂಗಾಂಶದ ಒಂದು ವಿಶೇಷ ಅಂಕಿಯಿಂದ ಭಾಗಿಸಿ, ಒಂದನ್ನು ಕೂಡಿಸಿ, ಒಟ್ಟು ಪ್ರಮಾಣದಿಂದ ಗುಣಿಸಬೇಕು. ಆ ವಿಶೇಷ ಅಂಕಿ ಕರುಳು, ಚರ್ಮದಂಥ ಬೇಗ ಮಾತಾಡುವ ಅಂಗಾಂಶಗಳಿಗೆ ಸುಮಾರು 10, ತಡವಾಗಿ ಮಾತಾಡುವವಕ್ಕೆ ಸುಮಾರು 3. ಈಗ 10 ಗ್ರೇಯನ್ನು ಒಂದೇ ಸಲ ಕೊಟ್ಟರೆ ಬೇಗದ ಅಂಗಾಂಶಕ್ಕೆ 20ರ ಏಟು, ತಡದ ಅಂಗಾಂಶಕ್ಕೆ 43ರ ಏಟು. ಅದೇ 10 ಗ್ರೇ, 2 ಗ್ರೇಯಂತೆ ಐದು ದಿನ ಕೊಟ್ಟರೆ ಬೇಗದ್ದಕ್ಕೆ 12, ತಡದ್ದಕ್ಕೆ 17 ಕೂಡ ಇಲ್ಲ. ಸುದ್ದಿಯಲ್ಲಿ ಎರಡಕ್ಕೂ ‘10 ಗ್ರೇ’ ಎಂದೇ ಬರುತ್ತದೆ. ಕಂತುಗಳ ನಡುವೆ ಕನಿಷ್ಠ ಆರು ಗಂಟೆ ಬಿಡದಿದ್ದರೆ ಹಿಂದಿನ ಹಾನಿ ಸರಿಯಾಗುವ ಮೊದಲೇ ಮುಂದಿನದು ಬಿದ್ದು, ಕಂತು ಮಾಡಿದ ಲಾಭವೇ ಹೋಗುತ್ತದೆ.

ನಿಧಾನವಾಗಿ ಹನಿಸಿದರೂ ಇದೇ ರೀತಿಯ ಲಾಭ. ಅಮೆರಿಕದ ಓಕ್ ರಿಜ್‌ನಲ್ಲಿ ರಸೆಲ್ ದಂಪತಿ ಲಕ್ಷಗಟ್ಟಲೆ ಸುಂಡಿಲಿಗಳನ್ನು ಸಾಕಿ, ಒಂದೇ ಪ್ರಮಾಣವನ್ನು ನಿಧಾನವಾಗಿ ಕೊಟ್ಟಾಗ ಗಂಡುಗಳ ವಂಶವಾಹಿ ಬದಲಾವಣೆಗಳು ವೇಗವಾಗಿ ಕೊಟ್ಟಾಗಿನ ಸುಮಾರು ಮೂರರಲ್ಲಿ ಒಂದಕ್ಕೆ ಇಳಿಯುತ್ತವೆ ಎಂದು 1958ರಲ್ಲಿ ತೋರಿಸಿದರು. ನ್ಯೂಟ್ರಾನ್‌ಗೆ ಈ ನಿಯಮ ಇಲ್ಲ. ಅಮೆರಿಕದ ಆರ್ಗೋನ್ ಪ್ರಯೋಗಾಲಯದಲ್ಲಿ ಜೇನಸ್ ಎಂಬ ಯೋಜನೆಯಡಿ ಸುಮಾರು 50,000 ಸುಂಡಿಲಿಗಳ ಆಯಸ್ಸು ನೋಡಿದಾಗ, ಗಾಮಾ ಕಿರಣವನ್ನು ಹರಡಿ ಕೊಟ್ಟರೆ ಹಾನಿ ತಗ್ಗಿತು, ನ್ಯೂಟ್ರಾನನ್ನು ಹರಡಿ ಕೊಟ್ಟರೂ ತಗ್ಗಲಿಲ್ಲ.

ಈಚಿನ ವರ್ಷಗಳಲ್ಲಿ ‘ಫ್ಲ್ಯಾಶ್’ ಚಿಕಿತ್ಸೆ ಎಂಬ ಹೆಸರು ಓದುಗರು ಕೇಳಿರಬಹುದು. 2014ರಲ್ಲಿ ಪ್ಯಾರಿಸ್ಸಿನ ಕ್ಯೂರಿ ಸಂಸ್ಥೆಯವರು ಸುಂಡಿಲಿಯ ಎದೆಗೆ 17 ಗ್ರೇಯನ್ನು ಮಾಮೂಲಿ ವೇಗದಲ್ಲಿ, ಅಂದರೆ ಸೆಕೆಂಡಿಗೆ 0.03 ಗ್ರೇಯಂತೆ ಕೊಟ್ಟಾಗ ಶ್ವಾಸಕೋಶ ನಾರುಗಟ್ಟಿತು. ಸೆಕೆಂಡಿಗೆ 40 ಗ್ರೇ ಅಥವಾ ಹೆಚ್ಚು ವೇಗದಲ್ಲಿ, ಅರೆ ಸೆಕೆಂಡಿನೊಳಗೆ ಮುಗಿಸಿದಾಗ ಅಂಗಾಂಶ ಉಳಿಯಿತು. ನಿಧಾನವಾದಷ್ಟೂ ಒಳ್ಳೆಯದು ಎಂದು ಈಗ ತಾನೆ ಹೇಳಿದ್ದಕ್ಕೆ ಇದು ತದ್ವಿರುದ್ಧ, ಇದರ ಕಾರಣದ ಬಗ್ಗೆ ಇನ್ನೂ ಚರ್ಚೆ ನಡೆಯುತ್ತಿದೆ. ಆದರೆ ಮೂಗಿನ ಕ್ಯಾನ್ಸರ್ ಇದ್ದ ಸಾಕುಬೆಕ್ಕುಗಳಿಗೆ ಒಂದೇ ಸಲ 30 ಗ್ರೇ ಫ್ಲ್ಯಾಶ್ ಕೊಟ್ಟ ಮುಂದಿನ ಪ್ರಯೋಗದಲ್ಲಿ, ಏಳರಲ್ಲಿ ಮೂರು ಬೆಕ್ಕುಗಳಿಗೆ 9ರಿಂದ 15 ತಿಂಗಳ ನಂತರ ಮೇಲ್ದವಡೆಯ ಮೂಳೆ ಸತ್ತುಹೋಯಿತು. ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಆರು ತಿಂಗಳಿಗೆ ವರದಿ ಬರೆದಿದ್ದರೆ ಅದು ಗೆಲುವಿನ ಸುದ್ದಿಯಾಗಿರುತ್ತಿತ್ತು.

ಕಡೆಯದಾಗಿ ‘ವಿಕಿರಣದಿಂದ ಕಾಪಾಡುವ’ ಔಷಧ, ಗಿಡಮೂಲಿಕೆಗಳ ಸುದ್ದಿಗಳು. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಕೊಟ್ಟದ್ದು ವಿಕಿರಣಕ್ಕೆ ಮೊದಲೋ, ಆಮೇಲೋ? 1949ರಲ್ಲೇ ಪ್ಯಾಟ್ ಮತ್ತು ಜತೆಗಾರರು ಸಿಸ್ಟೀನ್ ಎಂಬ ಅಮೈನೋ ಆಮ್ಲ ಇಲಿಗಳನ್ನು ಮಾರಕ ಎಕ್ಸ್-ರೇಯಿಂದ ಉಳಿಸುತ್ತದೆ ಎಂದು ಕಂಡರು. ಮೊದಲೇ ಚುಚ್ಚಿದ್ದರೆ ಮಾತ್ರ. ಆಮೇಲೆ ಚುಚ್ಚಿದರೆ ಯಾವ ಉಪಯೋಗವೂ ಇಲ್ಲ. ಕಿರಣ ಹುಟ್ಟಿಸುವ ಚುರುಕು ಅಣುಗಳು ಒಂದು ಸೆಕೆಂಡಿನ ಸಣ್ಣ ಚೂರಿನಲ್ಲಿ ತಮ್ಮ ಕೆಲಸ ಮುಗಿಸುವುದರಿಂದ, ಅವನ್ನು ಹಿಡಿಯುವ ವಸ್ತು ಮೊದಲೇ ಕೋಶದೊಳಗೆ ಕಾದಿರಬೇಕು. ಸಸ್ಯದ ರಸಗಳ ಬಗ್ಗೆ ಬರುವ ಸುಂಡಿಲಿ ಪ್ರಬಂಧಗಳಲ್ಲಿ ಬಹಳಷ್ಟು, ವಿಕಿರಣಕ್ಕೆ ಹಲವು ದಿನ ಮೊದಲಿನಿಂದಲೇ ರಸ ಕುಡಿಸಿದ ಪ್ರಯೋಗಗಳು. ಅಪಘಾತ ಯಾವ ದಿನ ಆಗುತ್ತದೆಂದು ಯಾರಿಗೂ ಮೊದಲೇ ತಿಳಿಯದು. ‘ಅಣು ದುರಂತಕ್ಕೆ ಮದ್ದು’ ಎಂಬ ತಲೆಬರಹ ಆ ಪ್ರಯೋಗಕ್ಕೆ ಸಲ್ಲುವುದಿಲ್ಲ. ಪಂಜರದ ನೀರಿನ ಬಗ್ಗೆಯೂ ಕೇಳಬೇಕು. ಮಜ್ಜೆ ಖಾಲಿಯಾದ ಸುಂಡಿಲಿಯನ್ನು ಸೂಡೊಮೋನಾಸ್ ಎಂಬ ಬ್ಯಾಕ್ಟೀರಿಯಾ ಬೇಗ ಕೊಲ್ಲುತ್ತದೆ, ಅದಕ್ಕೇ ಕುಡಿಯುವ ನೀರನ್ನು ಪಿಎಚ್ 2.5ರಿಂದ 3ರಷ್ಟು ಹುಳಿಯಾಗಿಡುತ್ತಾರೆ. ಒಂದು ಗುಂಪಿನ ರಸ ಬರೀ ಬ್ಯಾಕ್ಟೀರಿಯಾ ಕೊಂದಿದ್ದರೂ ಆ ಗುಂಪು ಹೆಚ್ಚು ಬದುಕುತ್ತದೆ. ಬದುಕು, ಸಾವು ಎಂಬ ಮಾತನ್ನೂ ಎಚ್ಚರದಿಂದ ಬಳಸಬೇಕು. ಈಗ ಒಳ್ಳೆಯ ಪ್ರಯೋಗಾಲಯಗಳು ಪ್ರಾಣಿ ತಾನಾಗಿ ನರಳಿ ಸಾಯಲು ಬಿಡುವುದಿಲ್ಲ. ತೂಕ ಇಳಿಕೆ, ಮುದುರಿದ ಭಂಗಿ, ಚಲನೆಗಳಿಗೆ ಅಂಕ ಕೊಟ್ಟು, ಮೊದಲೇ ಗೊತ್ತುಮಾಡಿದ ಮಿತಿ ಮುಟ್ಟಿದಾಗ ನೋವಿಲ್ಲದೆ ಮುಗಿಸುತ್ತಾರೆ. ಆ ಮಿತಿ ಯಾವುದು ಎಂಬುದರ ಮೇಲೂ ‘ಬದುಕಿದವು’ ಎಂಬ ಅಂಕಿ ನಿಂತಿದೆ.

ವಿಕಿರಣ ಬಿದ್ದ ಮೇಲೆ ಕೊಟ್ಟರೂ ಕೆಲಸ ಮಾಡುವ ಔಷಧಕ್ಕೆ ಒಳ್ಳೆಯ ಉದಾಹರಣೆ, ಬಿಳಿರಕ್ತಕಣಗಳನ್ನು ಹೆಚ್ಚಿಸುವ ಫಿಲ್ಗ್ರಾಸ್ಟಿಮ್. ಮನುಷ್ಯರ ಮೇಲೆ ಇಂಥ ಪ್ರಯೋಗ ಮಾಡುವಂತಿಲ್ಲವಾದ್ದರಿಂದ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2002ರಲ್ಲಿ ತಂದ ವಿಶೇಷ ನಿಯಮದಡಿ, ಪ್ರಾಣಿಗಳ ಫಲಿತಾಂಶವನ್ನೇ ಮುಖ್ಯ ಆಧಾರವಾಗಿಟ್ಟುಕೊಂಡು 2015ರಲ್ಲಿ ವಿಕಿರಣದಿಂದಾಗುವ ಮಜ್ಜೆಯ ಹಾನಿಗೆ ಇದನ್ನು ಒಪ್ಪಿತು. ಅರ್ಧದಷ್ಟು ಸಾಯುವ ಪ್ರಮಾಣ ಪಡೆದ ರೀಸಸ್ ಮಂಗಗಳಿಗೆ, ಆ್ಯಂಟಿಬಯಾಟಿಕ್ ಮತ್ತು ದ್ರವಗಳ ಆರೈಕೆಯ ಜತೆಗೆ, ಮರುದಿನದಿಂದಲೇ ಈ ಔಷಧ ಶುರುಮಾಡಿದಾಗ 60 ದಿನಕ್ಕೆ ನೂರಕ್ಕೆ 79 ಬದುಕಿದ್ದವು. ಔಷಧ ಕೊಡದ ಗುಂಪಿನಲ್ಲಿ ನೂರಕ್ಕೆ 41. ಅದೇ ತಂಡ ಆಮೇಲೆ 48 ಗಂಟೆ ಬಿಟ್ಟು ಔಷಧ ಶುರುಮಾಡಿ ನೋಡಿತು. ಮಂಗ ಅದೇ ಜಾತಿಯದು, ಔಷಧ ಅದೇ, ವಿಕಿರಣದ ಮಟ್ಟವೂ ಅದೇ. ಬದುಕುವವರ ಸಂಖ್ಯೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ.

ಹಾಗಾಗಿ ನಮ್ಮ ಕೋರಿಕೆ ಇಷ್ಟು. ಮುಂದೆ ಇಂಥ ಸುದ್ದಿ ಅಚ್ಚುಹಾಕುವಾಗ ಗ್ರೇ ಪಕ್ಕದಲ್ಲಿ ಪ್ರಾಣಿಯ ತಳಿ, ಕಿರಣ ಬಿದ್ದ ಭಾಗ, ಕಂತು, ವೇಗ, ನೋಡಿದ ದಿನ, ಔಷಧವಿದ್ದರೆ ಅದನ್ನು ಕೊಟ್ಟ ಗಂಟೆ, ಇವುಗಳನ್ನೂ ಒಂದು ಸಾಲಿನಲ್ಲಿ ಸೇರಿಸಿ. ಮೂಲ ಪ್ರಬಂಧದಲ್ಲಿ ಇವು ಇಲ್ಲದಿದ್ದರೆ, ಇಲ್ಲ ಎಂದೇ ಬರೆಯಿರಿ. ಸೀವರ್ಟ್ ಎಂಬ ಅಳತೆಯನ್ನು ಇಲ್ಲಿಗೆ ತರಬೇಡಿ, ಅದು ಮನುಷ್ಯರಲ್ಲಿ ಮುಂದೆ ಬರಬಹುದಾದ ಕ್ಯಾನ್ಸರ್ ಮೊದಲಾದ ಅಪಾಯದ ಲೆಕ್ಕಕ್ಕೆ ಮಾಡಿದ್ದು, ಸುಂಡಿಲಿಯ ಕರುಳಿಗಲ್ಲ.

ಇಂತಿ,
ವಿಕಿರಣ ಜೀವವಿಜ್ಞಾನದಲ್ಲಿ ಕೆಲಸ ಮಾಡುವ ಕೆಲವು ಓದುಗರು